ತಾಡಪತ್ರಿಯ ಕೆಳಗಿನ ನೀರಿಗೆ ಚಾಲಕನೇ ಹೊಣೆಯೇ?

ಪ್ರಶ್ನೆ: ನಾನು ಅಂಕೋಲಾ ತಾಲೂಕಿನವನು, ಬದಿ ಇಲ್ಲದ ಬಯಲು ಟ್ರೈಲರ್ ಓಡಿಸುತ್ತೇನೆ. ಬಳ್ಳಾರಿ ಕಡೆಯಿಂದ ಉಕ್ಕಿನ ಕಾಯಿಲ್ (ಸುರುಳಿಯಾಗಿ ಸುತ್ತಿದ ಉಕ್ಕಿನ ಹಾಳೆ) ಮತ್ತು ತಗಡಿನ ಬಂಡಲ್‌ಗಳನ್ನು ತುಂಬಿಕೊಂಡು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಇಳಿದು, ಕಾರವಾರ ದಾಟಿ ಗೋವಾಕ್ಕೆ ಹೋಗುವುದು ನನ್ನ ಕೆಲಸ. ಈ ಮಳೆಗಾಲದಲ್ಲಿ ಎರಡು ಸಲ ಮಾಲು ಇಳಿಸುವಾಗ ತಾಡಪತ್ರಿ ಬಿಚ್ಚಿದರೆ ಕಾಯಿಲ್ ಮೈಯೆಲ್ಲ ಒದ್ದೆಯಾಗಿತ್ತು. ತಾಡಪತ್ರಿ ಹೊಸದು, ಒಂದು ತೂತೂ ಇಲ್ಲ. ಆದರೂ ನನ್ನ ಕಟ್ಟು ಸರಿಯಿಲ್ಲವೆಂದು ಮಾಲೀಕರು ಸಂಬಳದಲ್ಲಿ ಹಣ ಹಿಡಿದರು. ಜೊತೆಯ ಚಾಲಕರಲ್ಲಿ ಒಬ್ಬರು ಎರಡು ತಾಡಪತ್ರಿ ಹಾಕಿ ಇನ್ನಷ್ಟು ಬಿಗಿ ಎನ್ನುತ್ತಾರೆ, ಇನ್ನೊಬ್ಬರು ಗಾಳಿಯಾಡಲು ಬಿಡು ಎನ್ನುತ್ತಾರೆ. ಇಪ್ಪತ್ತು ಟನ್ನಿನ ಕಾಯಿಲ್ ತನ್ನ ಭಾರಕ್ಕೇ ಕೂತಿರುತ್ತದೆ, ತಾಡಪತ್ರಿಯ ಹಗ್ಗವೇ ಸಾಕು ಎನ್ನುವವರೂ ಇದ್ದಾರೆ. ಕಳೆದ ತಿಂಗಳು ನಮ್ಮ ಕ್ಲೀನರ್ ಹುಡುಗ ಒದ್ದೆ ತಾಡಪತ್ರಿಯ ಮೇಲಿಂದ ಜಾರಿ ಬಿದ್ದು ಕೈ ಮುರಿದುಕೊಂಡ. ಈ ಕೆಲಸ ಬಿಟ್ಟು ಕಂಟೇನರ್ ಗಾಡಿಗೆ ಹೋಗಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನೀರು, ಕಟ್ಟು, ಹಣ ಎಂಬ ಮೂರು ಸಂಗತಿಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಮಾಲೀಕರು ಅವನ್ನು ಒಂದೇ ಎಂದು ತಿಳಿದಿರುವುದರಿಂದಲೇ ನಿಮಗೆ ಅನ್ಯಾಯವಾಗುತ್ತಿರುವ ಸಾಧ್ಯತೆ ಇದೆ. ಹಾನಿಯಾದ ಸರಕನ್ನು ಪರಿಶೀಲಿಸಿ ವರದಿ ಬರೆಯುವ ಸರ್ವೇಯರ್ ಆಗಿ ನಾನು ಕರಾವಳಿಯಲ್ಲಿ ನೋಡಿರುವ ಒದ್ದೆ ಲೋಡುಗಳಲ್ಲಿ, ನೀರು ಕಂಡ ಕೂಡಲೇ ತಾಡಪತ್ರಿ ಸೋರಿದೆ ಎಂದು ತೀರ್ಮಾನಿಸಿದವರೇ ಹೆಚ್ಚು. ಆದ್ದರಿಂದ ಮೊದಲು ನೀರಿನ ವಿಷಯವನ್ನೇ ವಿವರವಾಗಿ ನೋಡೋಣ.

ತೂತಿಲ್ಲದ ತಾಡಪತ್ರಿಯ ಕೆಳಗೆ ನೀರು ಬರಲು ಸಾಧ್ಯವೇ ಎಂದರೆ ಸಾಧ್ಯ, ನಿಮ್ಮ ದಾರಿಯಲ್ಲಂತೂ ಅದು ಸಹಜ. ಹುಬ್ಬಳ್ಳಿಯಿಂದ ಈಚೆಗೆ ಈಗ 52 ಎಂದು ಕರೆಯಲಾಗುವ, ಹಳಬರು ಇಂದಿಗೂ 63 ಎನ್ನುವ ಹೆದ್ದಾರಿಯಲ್ಲಿ ನೀವು ರಾತ್ರಿಯಿಡೀ ಬಯಲುಸೀಮೆಯಿಂದ ಯಲ್ಲಾಪುರದವರೆಗೆ ಬರುವಾಗ ಗಾಳಿ ತಂಪಾಗಿರುತ್ತದೆ, ಉಕ್ಕೂ ಅದರೊಡನೆ ತಣ್ಣಗಾಗಿ ಇಪ್ಪತ್ತು ಇಪ್ಪತ್ತೆರಡು ಡಿಗ್ರಿಗೆ ಇಳಿದಿರುತ್ತದೆ. ಅರಬೈಲ್ ಇಳಿದು ಗುಳ್ಳಾಪುರ, ರಾಮನಗುಳಿ, ಸುಂಕಸಾಳ ದಾಟಿ ಅಂಕೋಲೆಗೆ ಬರುವಷ್ಟರಲ್ಲಿ ಸುತ್ತಲಿನ ಗಾಳಿ ಬೆಚ್ಚಗಾಗಿ, ತೇವದಿಂದ ತುಂಬಿರುತ್ತದೆ. 30 ಡಿಗ್ರಿ ಉಷ್ಣತೆಯಲ್ಲಿ ಶೇಕಡಾ 80ರಷ್ಟು ಆರ್ದ್ರತೆ ಇರುವ ಗಾಳಿ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ತನ್ನಲ್ಲಿರುವ ತೇವವನ್ನು ಅದರ ಮೇಲೆ ನೀರಾಗಿ ಬಿಡುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿ ಹೊರಗೆ ಬೆವರುವುದೂ ಇದೇ ಕಾರಣಕ್ಕೆ. ತೆಳುವಾದ ವಸ್ತು ಬೇಗ ಬಿಸಿಯೇರಿ ಬೆವರು ನಿಲ್ಲಿಸುತ್ತದೆ, ಆದರೆ ಇಪ್ಪತ್ತು ಟನ್ನಿನ ಕಾಯಿಲ್ ಸುತ್ತಲಿನ ಗಾಳಿಯಷ್ಟು ಬೆಚ್ಚಗಾಗಲು ಬಹಳ ಹೊತ್ತು ಬೇಕು. ಆ ಹೊತ್ತಿನೊಳಗೆ ನೀವು ಗೋವಾ ತಲುಪಿ ತಾಡಪತ್ರಿ ಬಿಚ್ಚಿರುತ್ತೀರಿ.

ಇದು ಬೆವರೋ ಸೋರಿಕೆಯೋ ಎಂಬುದನ್ನು ಊಹಿಸಬೇಕಾಗಿಲ್ಲ, ನೀರು ಬಿದ್ದಿರುವ ರೀತಿಯೇ ಅದನ್ನು ತಿಳಿಸುತ್ತದೆ. ಬೆವರಾಗಿದ್ದರೆ ಸಣ್ಣ ಹನಿಗಳು ಕಾಯಿಲ್‌ನ ಮೈತುಂಬ, ಬದಿಗಳಲ್ಲೂ ಸೇರಿ, ಹೆಚ್ಚುಕಡಿಮೆ ಒಂದೇ ಸಮನಾಗಿ ಕೂತಿರುತ್ತವೆ. ಸೋರಿಕೆಯಾಗಿದ್ದರೆ ನೀರು ಒಂದು ಕಡೆ ಬಿದ್ದು ಅಲ್ಲಿಂದ ಗೆರೆಯಾಗಿ ಹರಿದಿರುತ್ತದೆ, ಆ ಗೆರೆಯ ನೇರ ಮೇಲೆ ತಾಡಪತ್ರಿಯಲ್ಲಿ ಹೊಲಿಗೆಯೋ ಮಡಿಕೆಯೋ ಉಜ್ಜಿದ ಗುರುತೋ ಸಿಗುತ್ತದೆ. ಮೂರನೆಯದೊಂದಿದೆ, ಅದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಟ್ರೈಲರ್ ಹಾಸಿನ (ಸರಕು ಇಡುವ ತಳದ) ಸಂದುಗಳಿಂದ ಚಕ್ರಗಳು ಮೇಲಕ್ಕೆ ಚಿಮ್ಮಿಸುವ ಕೆಸರುನೀರು. ಅದು ಕೆಳಅಂಚಿನಲ್ಲಿ ಕಂದು ಪಟ್ಟೆಯಾಗಿ ಕಾಣುತ್ತದೆ, ಮೇಲಿನ ತಾಡಪತ್ರಿ ಎಷ್ಟೇ ಒಳ್ಳೆಯದಿದ್ದರೂ ಅದನ್ನು ತಡೆಯುವುದಿಲ್ಲ. ಕಾರವಾರದಲ್ಲಿ ಹೆದ್ದಾರಿ ಕಡಲಿಗೆ ತಾಗಿಕೊಂಡೇ ಸಾಗುವುದರಿಂದ ಉಪ್ಪಿನ ಅಂಶ ಸೇರಿದೆಯೇ ಎಂಬ ಸಂಶಯ ಬಂದರೆ, ಸರ್ವೇಯರ್‌ಗಳು ಒದ್ದೆಯ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಹಾಕಿ ನೋಡುತ್ತಾರೆ. ಉಪ್ಪಿದ್ದರೆ ಹಾಲಿನಂತಹ ಬಿಳಿ ಬಣ್ಣ ಕಾಣುತ್ತದೆ, ಬರೀ ಮಳೆನೀರಿಗೆ ಅಥವಾ ಬೆವರಿಗೆ ಹಾಗಾಗುವುದಿಲ್ಲ. ಈ ಪರೀಕ್ಷೆಯನ್ನು ನೀವು ಮಾಡಬೇಕಾಗಿಲ್ಲ, ಆದರೆ ಹಾನಿಯ ತಕರಾರು ದೊಡ್ಡದಾದರೆ ಮಾಡಿಸಿ ಎಂದು ಕೇಳುವ ಹಕ್ಕು ನಿಮ್ಮ ಕಡೆಯವರಿಗೂ ಇದೆ.

ನೀವು ಬರೆದಿರುವಂತೆ ಕಾಯಿಲ್ "ಮೈಯೆಲ್ಲ" ಒದ್ದೆಯಾಗಿದ್ದರೆ ಅದು ಬೆವರೇ ಆಗಿರುವ ಸಂಭವ ಹೆಚ್ಚು.

ಹಾಗಿದ್ದರೆ ಮುಚ್ಚಬೇಕೋ ಗಾಳಿಯಾಡಲು ಬಿಡಬೇಕೋ ಎಂಬ ಪ್ರಶ್ನೆಗೆ ನಿಮ್ಮ ಇಬ್ಬರು ಗೆಳೆಯರೂ ಅರ್ಧರ್ಧ ಸರಿ. ಹಡಗಿನವರಲ್ಲಿ ಹಳೆಯದೊಂದು ನಿಯಮವಿದೆ: ತಂಪಿನಿಂದ ಬಿಸಿಗೆ ಹೋಗುವಾಗ ಸರಕಿಗೆ ಗಾಳಿ ಬೇಡ, ಬಿಸಿಯಿಂದ ತಂಪಿಗೆ ಹೋಗುವಾಗ ಗಾಳಿ ಬೇಕು. ನೀವು ಘಟ್ಟ ಇಳಿಯುವುದರಿಂದ ನಿಮ್ಮದು ಮೊದಲನೆಯ ಬಗೆ. ಕರಾವಳಿಯ ಗಾಳಿ ಒಳಗೆ ಹೋದಷ್ಟೂ ಬೆವರು ಹೆಚ್ಚುವುದರಿಂದ ತಾಡಪತ್ರಿಯನ್ನು ಕೆಳಅಂಚಿನವರೆಗೆ ಪೂರ್ತಿ ಮುಚ್ಚಿಡುವುದೇ ಸರಿ. ತಲುಪಿದ ಕೂಡಲೇ ಬಿಚ್ಚುವುದಕ್ಕಿಂತ, ಗೋದಾಮಿನವರು ಒಪ್ಪಿದರೆ, ಲೋಹ ಬೆಚ್ಚಗಾಗುವವರೆಗೆ ಮುಚ್ಚಿಯೇ ನಿಲ್ಲಿಸುವುದು ಇನ್ನೂ ಒಳ್ಳೆಯದು. ಅದೇ ಬೇಸಿಗೆಯಲ್ಲಿ ಕುಮಟೆಯ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಮರವನ್ನೋ ಚೀಲಗಳನ್ನೋ ಒಯ್ಯುವವರಿಗೆ ಇದಕ್ಕೆ ತದ್ವಿರುದ್ಧ ಸಲಹೆ ಕೊಡಬೇಕಾಗುತ್ತದೆ. ಅಲ್ಲಿ ಬೆಚ್ಚಗಿನ ಸರಕಿನ ತೇವ ರಾತ್ರಿ ತಣ್ಣಗಾದ ತಾಡಪತ್ರಿಯ ಒಳಮೈಗೆ ತಾಗಿ ಹನಿಯಾಗಿ ಸರಕಿನ ಮೇಲೇ ತೊಟ್ಟಿಕ್ಕುತ್ತದೆ, ಆದ್ದರಿಂದ ಸರಕಿಗೂ ತಾಡಪತ್ರಿಗೂ ನಡುವೆ ಸಂದು ಬಿಟ್ಟು ಗಾಳಿಗೆ ದಾರಿ ಮಾಡಬೇಕು.

ಪೂರ್ತಿ ಮುಚ್ಚುವುದರಲ್ಲಿ ಅಪಾಯವೊಂದಿದೆ. ಮುಚ್ಚುವಾಗಲೇ ಒಳಗೆ ನೀರಿದ್ದರೆ ಅದು ಅಲ್ಲಿಯೇ ಉಳಿಯುತ್ತದೆ. ಕಾಯಿಲ್ ಕೆಳಗೆ ಹಾಕುವ ಮರದ ತೊಲೆಗಳು ಮಳೆಯಲ್ಲಿ ನೆನೆದಿದ್ದರೆ ಅವೇ ದಾರಿಯುದ್ದಕ್ಕೂ ತೇವ ಬಿಡುತ್ತಿರುತ್ತವೆ. ಹಾಸಿನ ಮೇಲೆ ನಿಂತ ನೀರನ್ನು ಗುಡಿಸದೆ ಅದರ ಮೇಲೆ ಲೋಡ್ ಇಟ್ಟರೂ ಅಷ್ಟೇ. ಸತುವಿನ ಲೇಪ ಇರುವ ತಗಡಿನ ಬಂಡಲ್‌ಗಳಿಗೆ ಇದು ಇನ್ನೂ ಕೆಟ್ಟದ್ದು, ಏಕೆಂದರೆ ಎರಡು ತಗಡುಗಳ ನಡುವೆ ಸಿಕ್ಕಿಕೊಂಡ ನೀರು ಆರಲು ದಾರಿಯಿಲ್ಲದೆ ಬಿಳಿ ತುಕ್ಕು ಹಿಡಿಯುತ್ತದೆ. ಒಣ ತೊಲೆ, ಒಣ ಹಾಸು, ಹಾಸಿನ ಮೇಲೆ ಕಾಯಿಲ್ ಕೆಳಗೆ ಬರುವಂತೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ, ಇಷ್ಟನ್ನು ಲೋಡಿಂಗ್ ಜಾಗದಲ್ಲಿಯೇ ಕೇಳಿ ಪಡೆಯಿರಿ. ಕೆಳಗಿನ ಹಾಳೆ ಚಕ್ರದ ಕೆಸರನ್ನೂ ತಡೆಯುತ್ತದೆ, ಆದರೆ ತೊಲೆಯ ಕೆಳಗೆ ಹಾಳೆ ಹಾಕಿದರೆ ತೊಲೆ ಜಾರುತ್ತದೆ. ಆದ್ದರಿಂದ ಹಾಳೆ ತೊಲೆಗಳ ಮೇಲೆ ಬರಬಾರದು, ಕೆಳಗೂ ಬರಬಾರದು, ಅವುಗಳ ನಡುವಿನ ಜಾಗದಲ್ಲಷ್ಟೇ ಇರಬೇಕು.

ಇನ್ನು ಭಾರವಾದ ಸರಕು ತನ್ನಷ್ಟಕ್ಕೇ ಕೂತಿರುತ್ತದೆ ಎಂಬ ಮಾತು. ಈ ಮಾತನ್ನು ನಾನು ಲಾರಿ ನಿಲ್ದಾಣಗಳಲ್ಲಿ ಅನುಭವಿಗಳ ಬಾಯಲ್ಲೇ ಕೇಳಿದ್ದೇನೆ. ಇದು ಅಪಾಯಕಾರಿಯಾದ ತಪ್ಪು. ಸರಕನ್ನು ಹಿಡಿದಿಡುವ ಘರ್ಷಣೆ ತೂಕದೊಡನೆ ಹೆಚ್ಚುತ್ತದೆ ನಿಜ, ಆದರೆ ಬ್ರೇಕ್ ಹಾಕಿದಾಗ ಸರಕನ್ನು ಮುಂದಕ್ಕೆ ತಳ್ಳುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹೀಗಾಗಿ ಎರಡು ಟನ್ ಆಗಲಿ ಇಪ್ಪತ್ತು ಟನ್ ಆಗಲಿ, ಜಾರುವುದು ಒಂದೇ ಹಂತದಲ್ಲಿ. ಒಣ ಉಕ್ಕಿನ ಮೇಲೆ ಉಕ್ಕಿಟ್ಟರೆ ಘರ್ಷಣೆ ತೂಕದ ಐದನೇ ಒಂದು ಭಾಗದಷ್ಟು, ಎಣ್ಣೆಯೋ ನೀರೋ ಇದ್ದರೆ ಹತ್ತನೇ ಒಂದು ಭಾಗಕ್ಕೂ ಇಳಿಯಬಹುದು. ನಡುವೆ ಜಾರದ ರಬ್ಬರ್ ಹಾಸು ಹಾಕಿದರೆ ಅರ್ಧಕ್ಕಿಂತ ಮೇಲೇರುತ್ತದೆ. ಅಮೆರಿಕ ಮತ್ತು ಯುರೋಪಿನ ನಿಯಮಗಳು ಮುಂದಕ್ಕೆ ತೂಕದ 0.8 ಪಾಲು, ಬದಿಗೆ ಮತ್ತು ಹಿಂದಕ್ಕೆ 0.5 ಪಾಲು ಬಲವನ್ನು ತಡೆಯುವಂತೆ ಸರಕನ್ನು ಕಟ್ಟಬೇಕೆಂದು ಹೇಳುವುದು ಇದೇ ಲೆಕ್ಕದಿಂದ.

ಬದಿಯ ಬಲ ಘಟ್ಟದಲ್ಲಿ ಎಷ್ಟಿರುತ್ತದೆ ನೋಡಿ. ಸುಮಾರು 15 ಮೀಟರ್ ತ್ರಿಜ್ಯದ ಕಡಿದಾದ ತಿರುವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ತಿರುಗಿದರೆ ಸರಕಿನ ಮೇಲೆ ಅದರ ತೂಕದ ಐದನೇ ಒಂದು ಭಾಗದಷ್ಟು ಬಲ ಹೊರಬದಿಗೆ ಬೀಳುತ್ತದೆ. ಒದ್ದೆ ಉಕ್ಕು ಜಾರಲು ಅಷ್ಟೇ ಸಾಕು. ಅದೇ ತಿರುವಿನಲ್ಲಿ 30 ಕಿ.ಮೀ. ಇದ್ದರೆ ಬಲ ತೂಕದ ಅರ್ಧದ ಹತ್ತಿರ ಹೋಗುತ್ತದೆ. ವೇಗ ಒಂದೂವರೆ ಪಟ್ಟಾದರೆ ಬಲ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ ಎಂಬುದನ್ನು ಸ್ಪೀಡೋಮೀಟರ್ ತೋರಿಸುವುದಿಲ್ಲ.

ಹಾಗಾಗಿ ಕಾಯಿಲ್ ಅನ್ನು ಹಿಡಿದಿಡುವುದು ಸರಪಳಿ, ಬೆಲ್ಟ್ ಮತ್ತು ಓರೆಯಾಗಿ ಕತ್ತರಿಸಿದ ಮರದ ಅಡ್ಡೆಗಳ ಕೆಲಸ. ತಾಡಪತ್ರಿಯ ಹಗ್ಗಕ್ಕೆ ಆ ಕೆಲಸವನ್ನು ಎಂದೂ ಒಪ್ಪಿಸಬಾರದು. ಕಟ್ಟುವ ಎಲ್ಲ ಸರಪಳಿ ಮತ್ತು ಬೆಲ್ಟ್‌ಗಳ ಭಾರಮಿತಿಯನ್ನು (ಸುರಕ್ಷಿತವಾಗಿ ತಡೆಯಬಲ್ಲ ಭಾರವನ್ನು) ಕೂಡಿಸಿದರೆ ಅದು ಸರಕಿನ ತೂಕದ ಅರ್ಧಕ್ಕಿಂತ ಕಡಿಮೆಯಾಗಬಾರದೆಂಬುದು ಅಮೆರಿಕದ ನಿಯಮದ ಕನಿಷ್ಠ ಅಳತೆ, ನಮ್ಮ ಘಟ್ಟಗಳಿಗೂ ಅದಕ್ಕಿಂತ ಕಡಿಮೆ ಸಾಲದು. 80ನೇ ದರ್ಜೆಯ 10 ಮಿ.ಮೀ. ಸರಪಳಿಯ ಭಾರಮಿತಿ ಸುಮಾರು 3.15 ಟನ್. ಇಪ್ಪತ್ತು ಟನ್ನಿನ ಕಾಯಿಲ್‌ಗೆ ಅಂಥ ನಾಲ್ಕು ಸರಪಳಿ ಹಾಕಿದರೆ ಆ ಅಳತೆ ದಾಟುತ್ತದೆ. ಬೆಲ್ಟ್ ಟ್ರೈಲರಿನ ಹಾಸಿನಿಂದ ನೆಟ್ಟಗೆ ಮೇಲೆದ್ದಷ್ಟೂ ಸರಕನ್ನು ಚೆನ್ನಾಗಿ ಒತ್ತುತ್ತದೆ, 30 ಡಿಗ್ರಿಯಷ್ಟು ಮಲಗಿದ್ದರೆ ನೀವು ಎಳೆದ ಬಿಗಿಯ ಅರ್ಧ ಮಾತ್ರ ಒತ್ತಡವಾಗಿ ಇಳಿಯುತ್ತದೆ. ಕಾಯಿಲ್‌ನ ನಡುವಿನ ತೂತು ಬದಿಗೆ ಮುಖ ಮಾಡಿದ್ದರೆ ಅದು ಕ್ಯಾಬಿನ್ ಕಡೆಗೆ ಉರುಳಬಲ್ಲದು, ಆದ್ದರಿಂದ ಆ ರೀತಿ ಲೋಡ್ ಮಾಡಿಕೊಟ್ಟರೆ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಅಡ್ಡೆಯಿಲ್ಲದೆ ಗೇಟು ದಾಟಬೇಡಿ. ಲೋಡಿಂಗ್ ಸೂಪರ್‌ವೈಸರ್ ಗೊಣಗಬಹುದು. ಗೊಣಗಲಿ.

ತಾಡಪತ್ರಿಗೆ ಉಳಿಯುವುದು ಗಾಳಿ ಮಳೆಯ ಕೆಲಸ ಮಾತ್ರ, ಅದೇನೂ ಸಣ್ಣದಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರುಗಾಳಿ ಒಂದು ಚದರ ಮೀಟರಿಗೆ ಸುಮಾರು 17 ಕಿಲೋ ಭಾರದಷ್ಟು ಒತ್ತುತ್ತದೆ, 80ರಲ್ಲಿ ಸುಮಾರು 30 ಕಿಲೋ. ಮುಂದಿನ ಅಂಚಿನಲ್ಲಿ ಅಂಗೈಯಗಲ ಬಾಯಿ ತೆರೆದರೂ ಆ ಗಾಳಿ ಒಳಹೊಕ್ಕು ಇಡೀ ತಾಡಪತ್ರಿಯನ್ನು ಉಬ್ಬಿಸಿ ಬಡಿಯುತ್ತದೆ, ಹೊಲಿಗೆ ಬಿಡುವುದು ಆ ಬಡಿತದಿಂದಲೇ. ಎರಡು ತಾಡಪತ್ರಿ ಹಾಕುವುದಾದರೆ ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚು ಅದರ ಮೇಲೆ ಬರುವಂತೆ ಹೊದಿಸಿರಿ. ಆಗ ಗಾಳಿಯೂ ಮಳೆಯೂ ಜೋಡಣೆಯ ಮೇಲಿಂದ ಹಿಂದಕ್ಕೆ ಹೋಗುತ್ತವೆ, ಒಳಕ್ಕೆ ನುಗ್ಗುವುದಿಲ್ಲ. ಮೂಲೆಗಳ ಮಡಿಕೆಯ ಬಾಯಿಯೂ ಹಿಂದಕ್ಕೇ ಇರಬೇಕು. ಎರಡು ಕಾಯಿಲ್‌ಗಳ ನಡುವೆ ತಾಡಪತ್ರಿ ತಗ್ಗಾಗಿ ಕೂತರೆ ನೀರು ನಿಲ್ಲುತ್ತದೆ. ಒಂದು ಚದರ ಮೀಟರಿನಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ ಹತ್ತು ಕಿಲೋ ಭಾರ, ಅದು ಹೊಲಿಗೆಯ ಮೂಲಕ ದಾರಿ ಹುಡುಕಿಯೇ ಹುಡುಕುತ್ತದೆ. ಕಾಯಿಲ್‌ನ ಚೂಪಾದ ಅಂಚಿಗೆ ಹಳೆಯ ಟ್ಯೂಬೋ ಗೋಣಿಯೋ ಕಟ್ಟದೆ ತಾಡಪತ್ರಿ ಎಳೆದರೆ ಹೊಸದೂ ಒಂದೇ ಮಳೆಗಾಲಕ್ಕೆ ಹರಿಯುತ್ತದೆ.

ಹಗ್ಗವೂ ಮಳೆಯಲ್ಲಿ ಬದಲಾಗುತ್ತದೆ. ನೈಲಾನ್ ಹಗ್ಗ ನೆನೆದರೆ ಹಿಗ್ಗಿ ಸಡಿಲವಾಗುತ್ತದೆ, ಸೆಣಬು ಅಥವಾ ಹತ್ತಿಯ ಹಗ್ಗ ನೆನೆದರೆ ಕುಗ್ಗಿ ಬಿಗಿಯಾಗಿ, ಒಣಗಿದ ಮೇಲೆ ಸಡಿಲಗೊಳ್ಳುತ್ತದೆ. ಹೊರಡುವಾಗಿನ ಬಿಗಿ ಯಲ್ಲಾಪುರದವರೆಗೆ ಉಳಿಯುತ್ತದೆಂದು ನಂಬುವಂತಿಲ್ಲ. ಅಮೆರಿಕದ ನಿಯಮದಲ್ಲಿ ಹೊರಟ 80 ಕಿ.ಮೀ. ಒಳಗೆ ಒಮ್ಮೆ, ಆಮೇಲೆ ಪ್ರತಿ 240 ಕಿ.ಮೀ. ಅಥವಾ ಮೂರು ಗಂಟೆಗೊಮ್ಮೆ ಕಟ್ಟನ್ನು ಪರೀಕ್ಷಿಸಬೇಕೆಂದಿದೆ. ನಿಮ್ಮ ದಾರಿಗೆ ನನ್ನ ಸಲಹೆಯೆಂದರೆ ಹುಬ್ಬಳ್ಳಿ ದಾಟಿದ ಮೇಲೆ ಒಮ್ಮೆ, ಘಟ್ಟ ಇಳಿಯುವ ಮುನ್ನ ಯಲ್ಲಾಪುರದಲ್ಲಿ ತಪ್ಪದೆ ಒಮ್ಮೆ, ಇಳಿದ ಮೇಲೆ ಅಂಕೋಲೆಯ ಹತ್ತಿರ ಮತ್ತೊಮ್ಮೆ. ನಿಲ್ಲಿಸುವ ಜಾಗವನ್ನು ಮಾತ್ರ ನೋಡಿ ಆರಿಸಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯಲ್ಲಿ ನಿಂತಿದ್ದ ವಾಹನಗಳ ಸಹಿತ ಗಂಗಾವಳಿ ನದಿಗೆ ಬಿದ್ದದ್ದನ್ನು ನಿಮ್ಮ ತಾಲೂಕಿನವರಿಗೆ ನೆನಪಿಸಬೇಕಾಗಿಲ್ಲ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಚಹಾದಂಗಡಿ ಇದ್ದರೂ ಅಲ್ಲಿ ನಿಂತು ಹಗ್ಗ ಬಿಗಿಯುವುದು ಬೇಡ.

ನಿಮ್ಮ ಕ್ಲೀನರ್ ಹುಡುಗನ ವಿಷಯಕ್ಕೆ ಬಂದರೆ, ಬಯಲು ಟ್ರೈಲರಿನಲ್ಲಿ ಚಾಲಕರೂ ಕ್ಲೀನರ್‌ಗಳೂ ಗಾಯಗೊಳ್ಳುವುದಕ್ಕೆ ರಸ್ತೆಯೊಂದೇ ಕಾರಣವಲ್ಲ, ತಾಡಪತ್ರಿ ಹಾಕುವ ಕೆಲಸವೂ ಒಂದು ದೊಡ್ಡ ಕಾರಣ. ಹಾಸಿನ ಎತ್ತರಕ್ಕೆ ಕಾಯಿಲ್‌ನ ಎತ್ತರ ಸೇರಿದರೆ ಬೀಳುವವನು ಎರಡೂವರೆ ಮೂರು ಮೀಟರಿನಿಂದ ಬೀಳುತ್ತಾನೆ. ಪಿವಿಸಿ ಲೇಪದ, ಚದರ ಮೀಟರಿಗೆ 600 ಗ್ರಾಂ ತೂಗುವ 6×9 ಮೀಟರಿನ ತಾಡಪತ್ರಿ ಒಣಗಿದ್ದಾಗಲೇ 32 ಕಿಲೋ ಮೀರುತ್ತದೆ. ಅದನ್ನು ಒಬ್ಬ ಹುಡುಗ ಹೆಗಲ ಮೇಲೆ ಹೊತ್ತು ಹತ್ತುವುದೇ ತಪ್ಪು. ಲೋಡಿಂಗ್ ಜಾಗದಲ್ಲಿ ಕ್ರೇನ್ ಅಥವಾ ಫೋರ್ಕ್‌ಲಿಫ್ಟ್ ಇರುವಾಗಲೇ ಸುತ್ತಿದ ತಾಡಪತ್ರಿಯನ್ನು ಮೇಲಿರಿಸಿಕೊಳ್ಳಿ, ಬಿಡಿಸುವುದನ್ನು ನೆಲದಿಂದ ಹಗ್ಗ ಎಳೆದು ಮಾಡಿ. ನಾನು ಕೇಳಿ ಬರೆದುಕೊಂಡ ಬೀಳುವಿಕೆಗಳಲ್ಲಿ ಬಹಳಷ್ಟು ನಡೆದದ್ದು ಮೇಲೆ ನಿಂತು ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆಯುವಾಗ, ಅಥವಾ ಎಳೆಯುತ್ತಿದ್ದ ಹಗ್ಗ ತುಂಡಾದಾಗ. ದೊಡ್ಡ ಕಾರ್ಖಾನೆಗಳಲ್ಲಿ ತಾಡಪತ್ರಿ ಹಾಕಲೆಂದೇ ಮೇಲೆ ತಂತಿ ಕಟ್ಟಿ, ಸೊಂಟಪಟ್ಟಿ ಸಿಕ್ಕಿಸಿಕೊಳ್ಳುವ ಅಂಕಣವಿದ್ದರೆ ಸರದಿ ಎಷ್ಟೇ ಉದ್ದವಿರಲಿ ಅಲ್ಲಿಯೇ ಹಾಕಿ. ಗಾಳಿ ಬೀಸುತ್ತಿರುವಾಗ ಹೊರಗೆ ರಸ್ತೆಬದಿಯಲ್ಲಿ ಹಾಕುವುದಂತೂ ಬೇಡವೇ ಬೇಡ.

ಹಣದ ವಿಷಯ. 2007ರ ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆಯ ಪ್ರಕಾರ ಸರಕಿನ ಹಾನಿಗೆ ಕಳುಹಿಸಿದವರಿಗೆ ಉತ್ತರ ಹೇಳಬೇಕಾದವರು ಸಾಗಣೆದಾರರು, ಚಾಲಕನಲ್ಲ. ಹೆಚ್ಚಿನ ಮೌಲ್ಯವನ್ನು ಮೊದಲೇ ಘೋಷಿಸಿರದಿದ್ದರೆ ಆ ಹೊಣೆಗೂ ಬಾಡಿಗೆಯ ಹತ್ತು ಪಟ್ಟು ಎಂಬ ಮಿತಿಯಿದೆ. ಸಾಗಣೆದಾರರ ಮೇಲೆ ಮೊಕದ್ದಮೆ ಹೂಡುವ ಮೊದಲು, ಬುಕಿಂಗ್ ದಿನದಿಂದ 180 ದಿನಗಳೊಳಗೆ ಅವರಿಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಸಾಗಣೆದಾರರು ಆ ಹೊಣೆಯನ್ನು ನಿಮ್ಮ ಸಂಬಳಕ್ಕೆ ದಾಟಿಸಬೇಕಾದರೆ, ನಷ್ಟ ನೇರವಾಗಿ ನಿಮ್ಮ ನಿರ್ಲಕ್ಷ್ಯದಿಂದಲೇ ಆಯಿತೆಂದಿರಬೇಕು ಮತ್ತು ಹಣ ಹಿಡಿಯುವ ಮುನ್ನ ವಿವರಣೆ ಕೊಡಲು ನಿಮಗೆ ಅವಕಾಶ ಕೊಟ್ಟಿರಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ತತ್ವವೇ 2019ರ ವೇತನ ಸಂಹಿತೆಯಲ್ಲೂ ಇದೆ. ಇಷ್ಟೆಲ್ಲ ಇದ್ದರೂ ಮಾಲೀಕರೊಡನೆ ಕಾನೂನಿನ ಮಾತಿನಿಂದ ಆರಂಭಿಸಬೇಡಿ, ಫೋಟೋಗಳಿಂದ ಆರಂಭಿಸಿ. ಲೋಡ್ ಆದ ಮೇಲೆ ತಾಡಪತ್ರಿ ಹಾಕುವ ಮುನ್ನ ಕಾಯಿಲ್, ತೊಲೆ, ಹಾಸು, ಹಾಕಿದ ಮೇಲೆ ನಾಲ್ಕೂ ಬದಿ, ಇಳಿಸುವಲ್ಲಿ ಬಿಚ್ಚುವ ಮುನ್ನ ಹೊರಮೈ, ಬಿಚ್ಚಿದ ಕೂಡಲೇ ಹನಿಗಳು ಕೂತಿರುವ ರೀತಿ ಮತ್ತು ತಾಡಪತ್ರಿಯ ಒಳಮೈ, ಇಷ್ಟು ಮೊಬೈಲಿನಲ್ಲಿ ಇದ್ದರೆ ವಾದ ಅರ್ಧ ಮುಗಿದಂತೆ. ಲೋಡ್ ಮಾಡುವಾಗಲೇ ಮಳೆಯಿದ್ದರೆ, ತೊಲೆ ಒದ್ದೆಯಿದ್ದರೆ ಅದನ್ನು ಬಿಲ್ಟಿಯ (ಸರಕು ಸಾಗಣೆಯ ರಸೀದಿಯ) ಮೇಲೆ ಬರೆಸಿ ಸಹಿ ಪಡೆಯಿರಿ. ಲಾರಿಯ ವಿಮೆ ಸರಕಿನ ಹಾನಿಯನ್ನು ತುಂಬಿಕೊಡುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಅದು ಇಲ್ಲದ ಕಡೆಗಳಲ್ಲಿಯೇ ಚಾಲಕರ ಸಂಬಳಕ್ಕೆ ಕೈ ಹಾಕುವುದು ಹೆಚ್ಚು ಎಂಬುದು ನಾನು ಕಂಡ ಮಾತು. ಮಾತಿಗೆ ಬಗ್ಗದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಬಹುದು, ಆದರೆ ಅದರ ನಂತರ ಅದೇ ಗಾಡಿಯಲ್ಲಿ ಉಳಿಯುವುದು ಸುಲಭವಾಗಿರಲಾರದು ಎಂಬುದನ್ನೂ ಎಣಿಸಿಯೇ ಮುಂದುವರಿಯಿರಿ.

ಬೆವರನ್ನು ಕಡಿಮೆ ಮಾಡುವ ನಿಜವಾದ ಪರಿಹಾರ ನಿಮ್ಮ ಕೈಯಲ್ಲಿಲ್ಲ, ಕಾಯಿಲ್ ಕಳುಹಿಸುವವರ ಕೈಯಲ್ಲಿದೆ. ತುಕ್ಕುನಿರೋಧಕ ಕಾಗದ ಸುತ್ತಿ ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಕಳುಹಿಸಿದರೆ ಹನಿ ಹೊರಗಿನ ಹೊದಿಕೆಯ ಮೇಲೆ ಕೂರುತ್ತದೆಯೇ ಹೊರತು ಲೋಹದ ಮೇಲಲ್ಲ. ಅದರ ಖರ್ಚನ್ನು ಯಾರು ಹೊರಬೇಕೆಂಬುದು ಮಾಲೀಕರು ಮತ್ತು ಕಳುಹಿಸುವವರ ನಡುವಿನ ಚೌಕಾಸಿ. ಎರಡು ಸಲದ ಫೋಟೋಗಳನ್ನು ತೋರಿಸಿದರೆ ಆ ಚೌಕಾಸಿಯಲ್ಲಿ ಮಾಲೀಕರಿಗೇ ಲಾಭ ಎಂಬುದನ್ನು ಅವರಿಗೆ ವಿವರಿಸಿ ನೋಡಿ. ಬದಿಯಲ್ಲಿ ಪರದೆ ಸರಿಯುವ ಅಥವಾ ಮುಚ್ಚಳವಿರುವ ಟ್ರೈಲರುಗಳೂ ಇವೆ. ಮೇಲೆ ಹತ್ತುವ ಅಪಾಯವನ್ನು ಅವು ಬಹುಮಟ್ಟಿಗೆ ತಪ್ಪಿಸುತ್ತವೆ, ಆದರೆ ಅವುಗಳ ಸ್ವಂತ ತೂಕದಷ್ಟು ಲೋಡ್ ಕಡಿಮೆಯಾಗುವುದರಿಂದ ಮಾಲೀಕರು ಸುಲಭಕ್ಕೆ ಒಪ್ಪುವುದಿಲ್ಲ.

ಕಂಟೇನರ್ ಗಾಡಿಗೆ ಹೋದರೆ ಹಗ್ಗ ತಾಡಪತ್ರಿಯ ಕೆಲಸ ತಪ್ಪುತ್ತದೆ ಎಂಬುದು ನಿಜ. ಬೆವರು ಮಾತ್ರ ತಪ್ಪುವುದಿಲ್ಲ, ಮುಚ್ಚಿದ ಪೆಟ್ಟಿಗೆಯೊಳಗೂ ಛಾವಣಿಯಿಂದ ಹನಿ ಬೀಳುತ್ತದೆ. ಒಳಗಿನ ಸರಕನ್ನು ಬೇರೆಯವರು ಕಟ್ಟಿ ಸೀಲ್ ಹಾಕಿ ಕೊಟ್ಟಿರುತ್ತಾರೆ, ಅದು ಹೇಗಿದೆಯೆಂದು ತೆರೆದು ನೋಡುವ ಅವಕಾಶವೂ ನಿಮಗಿರುವುದಿಲ್ಲ, ಆದರೆ ತಿರುವಿನಲ್ಲಿ ಅದು ಸರಿದರೆ ಪಲ್ಟಿಯಾಗುವುದು ನಿಮ್ಮ ಗಾಡಿ. ಬಯಲು ಟ್ರೈಲರಿನಲ್ಲಿ ಕಟ್ಟುವ ಕಸುಬು ಗೊತ್ತಿರುವ ಚಾಲಕರು ಕಡಿಮೆ, ಕಾರ್ಖಾನೆಗಳ ಕಡೆಯಿಂದ ಬೇಡಿಕೆಯೂ ಇದೆ. ಈ ಮಾಲೀಕರ ಬಳಿ ಹಣ ಹಿಡಿಯುವುದು ನಿಲ್ಲದಿದ್ದರೆ ಗಾಡಿಯ ಬಗೆಯನ್ನು ಬದಲಿಸುವ ಮೊದಲು ಮಾಲೀಕರನ್ನು ಬದಲಿಸುವುದರ ಬಗ್ಗೆ ಯೋಚಿಸಿ. ಹುಡುಗನ ಕೈ ಕೂಡಿಬಂದ ಮೇಲೂ ಕೆಲವು ತಿಂಗಳು ಅವನನ್ನು ಲೋಡಿನ ಮೇಲೆ ಹತ್ತಿಸಬೇಡಿ. ಕೆಲಸದ ಸಮಯದಲ್ಲಾದ ಗಾಯಕ್ಕೆ ಪರಿಹಾರ ಕೇಳುವ ಹಕ್ಕು ಅವನಿಗಿರುವುದರಿಂದ, ಆಸ್ಪತ್ರೆಯ ಕಾಗದಗಳನ್ನು ಅವನ ಹೆಸರಿನಲ್ಲಿಯೇ ಜೋಪಾನವಾಗಿಡಲು ಹೇಳಿ.